ಕುದುರೆ ಮಸಾಲೆ ಹೊಲದಲ್ಲಿ ಹಳದಿ ದಾರದ ಬಳ್ಳಿ: ಕಸ್ಕ್ಯೂಟ ಗುರುತಿಸುವುದು, ಹತೋಟಿಗೆ ತರುವುದು

ಪ್ರಶ್ನೆ: ಒಂದೂವರೆ ಎಕರೆಯಲ್ಲಿ ಕುದುರೆ ಮಸಾಲೆ (ಲೂಸರ್ನ್) ಮೇವು ಹಾಕಿ ಇದು ಎರಡನೇ ವರ್ಷ. ಈಗ ನಾಲ್ಕು ಕಡೆ ಎಲೆಯೇ ಇಲ್ಲದ, ಹಳದಿ ದಾರದಂಥ ಬಳ್ಳಿ ಗಿಡಗಳ ಮೇಲೆ ಹಬ್ಬಿದೆ. ಮೊದಲು ತಟ್ಟೆಯಷ್ಟಿದ್ದ ಜಾಗ ಎರಡು ಕೊಯ್ಲಿನೊಳಗೆ ಮಂಚದಷ್ಟಾಯಿತು. ಎರಡು ಸಲ ಕೈಯಲ್ಲಿ ಕಿತ್ತು ಹಾಕಿದೆವು, ಮತ್ತೆ ಬಂತು. ಉಪ್ಪುನೀರು ಹೊಡೆಯಿರಿ ಎನ್ನುವವರು ಕೆಲವರು, ಕಳೆನಾಶಕ ಹೊಡೆಯಿರಿ ಎನ್ನುವವರು ಕೆಲವರು. ಪಕ್ಕದ ತುಂಡಿನಲ್ಲಿ ಈರುಳ್ಳಿ, ಮೆಣಸಿನಕಾಯಿ ನಾಟಿ ಮಾಡಬೇಕಿದೆ. ಇದು ಯಾವ ಕಳೆ? ಕುದುರೆ ಮಸಾಲೆಯನ್ನು ಪೂರ್ತಿ ಉತ್ತು ತೆಗೆಯಲೇಬೇಕೇ?

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಕಸ್ಕ್ಯೂಟಕ್ಕೆ ಹೊಂದುತ್ತವೆ. ಆಕಾಶಬಳ್ಳಿ, ಅಮರಬಳ್ಳಿ ಎಂದು ಕರೆಯುವುದೂ ಇದನ್ನೇ. ಈ ಕುಲದಲ್ಲಿ ಸುಮಾರು 200 ಜಾತಿಗಳಿವೆ. ಹೊಲದ ಬೆಳೆಗೆ ಹೆಚ್ಚಾಗಿ ಬೀಳುವುದು ಕಸ್ಕ್ಯೂಟ ಕ್ಯಾಂಪೆಸ್ಟ್ರಿಸ್. ಇದರ ಮೂಲ ಉತ್ತರ ಅಮೆರಿಕ. ಮೇವಿನ ಬೀಜದೊಳಗೆ ಸೇರಿಕೊಂಡು ಅಲ್ಲಿಂದ ಬೇರೆ ಖಂಡಗಳಿಗೆಲ್ಲ ಹಬ್ಬಿತು.

ನಾಲ್ಕೇ ಕಡೆ ಇದ್ದರೆ ಇಡೀ ಹೊಲ ಉಳುವ ಅಗತ್ಯವಿಲ್ಲ. ಆದರೆ ಬಳ್ಳಿ ಹೂ ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಇವತ್ತೇ ಹೋಗಿ ನೋಡಿ. ಹೂ ಬಿಟ್ಟಿರದಿದ್ದರೆ ಇದು ಕೆಲವು ದಿನಗಳ ಕೆಲಸ. ಬೀಜ ಉದುರಿದ್ದರೆ ಹತ್ತು ವರ್ಷಕ್ಕೂ ಮೀರಿದ ಕಾವಲು. ಗಟ್ಟಿ ಸಿಪ್ಪೆಯ ಈ ಬೀಜ ಮಣ್ಣಿನಲ್ಲಿ ಅಷ್ಟು ಕಾಲ ಜೀವ ಹಿಡಿದು ಕೂರುತ್ತದೆ, ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಮೊಳೆಯುತ್ತದೆ. ಕೆಳಗೆ ಬರೆದ ಕ್ರಮಗಳೆಲ್ಲ ಕಡೆಗೆ ಒಂದೇ ಗುರಿಗೆ ಹೋಗುತ್ತವೆ: ಹೊಸ ಬೀಜ ಒಂದೂ ಮಣ್ಣಿಗೆ ಬೀಳಬಾರದು.

ಇದು ಕಸ್ಕ್ಯೂಟವೇ ಎಂದು ಖಾತ್ರಿ ಮಾಡಿಕೊಳ್ಳುವುದು

ಒಂದು ಎಳೆಯನ್ನು ಹಿಡಿದು ಬುಡದ ಕಡೆ ಹುಡುಕುತ್ತ ಹೋಗಿ. ಬೇರೆ ಯಾವ ಬಳ್ಳಿಯಾದರೂ ಎಲ್ಲೋ ಒಂದು ಕಡೆ ಮಣ್ಣಿಗೆ ಇಳಿಯುತ್ತದೆ. ಕಸ್ಕ್ಯೂಟ ಇಳಿಯುವುದಿಲ್ಲ. ಮೊಳೆತಾಗ ಮಣ್ಣಿನಲ್ಲಿದ್ದ ತುದಿ, ಬಳ್ಳಿಗೆ ಆಸರೆ ಗಿಡ ಸಿಕ್ಕ ಕೆಲವೇ ದಿನಗಳಲ್ಲಿ ಒಣಗಿ ಹೋಗುತ್ತದೆ. ಆಮೇಲೆ ಅದರ ನೀರು, ಸಕ್ಕರೆ, ಸಾರಜನಕ ಎಲ್ಲವೂ ಹಬ್ಬಿದ ಗಿಡದ್ದೇ.

ನಂತರ ಗಿಡದ ಕಾಂಡಕ್ಕೆ ಬಿಗಿಯಾಗಿ ಸುತ್ತಿದ ಒಂದು ಸುರುಳಿಯನ್ನು ಮೆಲ್ಲಗೆ ಬಿಡಿಸಿ, ಅದರ ಒಳಮೈ ನೋಡಿ. ಸಾಲಾಗಿ ಗುಬುಟುಗಳಿರುತ್ತವೆ, ಜರಿಹುಳುವಿನ ಕಾಲಿನ ಹಾಗೆ. ಇವೇ ಹೀರುಬೇರುಗಳು. ಕಾಂಡದ ಸಿಪ್ಪೆ ಸೀಳಿ ಒಳಗಿನ ನೀರಿನ ನಾಳ, ಆಹಾರದ ನಾಳ ಎರಡಕ್ಕೂ ಇವು ಬಾಯಿ ಹಾಕಿರುತ್ತವೆ. ಎಲೆ ಇರುವುದಿಲ್ಲ, ಇದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ. ಕ್ಯಾಂಪೆಸ್ಟ್ರಿಸ್‌ನ ಕಾಂಡ ಹೊಲಿಗೆ ದಾರದಷ್ಟು ತೆಳು, ಬಣ್ಣ ತಿಳಿ ಹಳದಿಯಿಂದ ಕಿತ್ತಳೆ. ಹೂವು 2-3 ಮಿಲಿಮೀಟರ್, ಬಿಳಿ, ಐದು ದಳ, ಗುಂಡಗಿನ ಗೊಂಚಲು. ಮಸೂರ ಹಿಡಿದರೆ ಹೂವಿನ ನಡುವೆ ಎರಡು ಶಲಾಕೆಗಳು (ಹೂವಿನ ಹೆಣ್ಣು ಭಾಗದ ಸಣ್ಣ ಕಡ್ಡಿಗಳು), ಅವುಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಶಲಾಕಾಗ್ರ ಕಾಣುತ್ತದೆ. ಕಾಯಿ 3 ಮಿಲಿಮೀಟರ್ ಆಸುಪಾಸು, ಒಳಗೆ ಹೆಚ್ಚೆಂದರೆ ನಾಲ್ಕು ಬೀಜ.

ಹೆಸರಿನಿಂದ ಗೊಂದಲ ಆಗುವುದುಂಟು. ಮರ, ಬೇಲಿಗಳ ಮೇಲೆ ಬಲೆ ಹಾಸಿದಂತೆ ಹಬ್ಬುವ, ಇನ್ನೂ ದಪ್ಪ ಕಾಂಡದ ಕಸ್ಕ್ಯೂಟ ರಿಫ್ಲೆಕ್ಸಾ ಎಂಬುದೂ ಆಕಾಶಬಳ್ಳಿಯೇ. ಅದರ ಹೂವು ದೊಡ್ಡದು, ಶಲಾಕೆ ಒಂದೇ, ಅದೂ ಬಹಳ ಗಿಡ್ಡ. ಇವೆರಡನ್ನು ಬೇರ್ಪಡಿಸಿ ನೋಡುವುದು ಬರಿ ಪುಸ್ತಕದ ವಿಷಯವಲ್ಲ. ಟೊಮೇಟೊ ಗಿಡ ರಿಫ್ಲೆಕ್ಸಾದ ಹೀರುಬೇರನ್ನು ಒಳಗೆ ಬಿಟ್ಟುಕೊಳ್ಳದೆ ತಡೆಯುತ್ತದೆ, ಕ್ಯಾಂಪೆಸ್ಟ್ರಿಸ್‌ಗೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ. ಮೂರನೆಯದು ಕ್ಯಾಸಿತಾ, ಕರ್ಪೂರ ಮತ್ತು ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಬೇರೆಯದೇ ಸಸ್ಯ. ನೋಡಲು ಅದೇ ದಾರದ ಬಲೆ, ಆದರೆ ಹಸಿರು ಛಾಯೆ ಹೆಚ್ಚು, ಕಾಂಡ ಗಡುಸು, ಕಾಯಿ ರಸಭರಿತ, ಒಂದೇ ಬೀಜ. ಮರಗಿಡಗಳ ಮೇಲೇ ಹೆಚ್ಚಾಗಿ ಕಾಣುತ್ತದೆ. ಇನ್ನು ಮಾವಿನ ಮರದ ಕೊಂಬೆಯಲ್ಲಿ ದಪ್ಪ ಹಸಿರೆಲೆ ಬಿಟ್ಟು ಪೊದೆಯಂತೆ ಬೆಳೆಯುವ ಬಂದಳಿಕೆಗೂ ಇದಕ್ಕೂ ಸಂಬಂಧವಿಲ್ಲ. ಬಂದಳಿಕೆ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ, ಮರದಿಂದ ಮುಖ್ಯವಾಗಿ ನೀರು, ಲವಣ ಕದಿಯುತ್ತದೆ. ಅದರ ಉಪಾಯಗಳು ಇಲ್ಲಿ ಕೆಲಸಕ್ಕೆ ಬಾರವು.

ಇದರ ಎಳೆಯ ಸಸಿಯನ್ನೂ ಗುರುತಿಸಲು ಕಲಿಯಿರಿ, ಮುಂದೆ ನಿಮಗೆ ಅದೇ ಹೆಚ್ಚು ಬೇಕಾಗುತ್ತದೆ. ಬೀಜದೆಲೆ ಇಲ್ಲ, ನಿಜವಾದ ಬೇರೂ ಇಲ್ಲ. ಹಳದಿ-ಹಸಿರಿನ ಒಂದು ಕೂದಲೆಳೆ ಮಣ್ಣಿನಿಂದ ಎದ್ದು, ತುದಿಯನ್ನು ನಿಧಾನಕ್ಕೆ ಸುತ್ತ ತಿರುಗಿಸುತ್ತ ಆಸರೆ ಹುಡುಕುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ, ಮಣ್ಣು ತೇವ ಇರುವಾಗ ಕುಕ್ಕರಗಾಲಲ್ಲಿ ಕೂತು ನೋಡಿದರೆ ಮಾತ್ರ ಕಾಣುತ್ತದೆ. ಬೀಜದಲ್ಲಿರುವ ಆಹಾರದಲ್ಲೇ ಅದು ಬದುಕಬೇಕು. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಸರಿಯಾದ ಗಿಡ ಸಿಗದಿದ್ದರೆ ಸಾಯುತ್ತದೆ. ಈ ಕಳೆಯ ಬಾಳಿನಲ್ಲಿ ಅದು ನಿಜಕ್ಕೂ ದುರ್ಬಲವಾಗಿರುವುದು ಈ ದಿನಗಳಲ್ಲಿ ಮಾತ್ರ.

ಎರಡು ಸಲ ಕಿತ್ತರೂ ಏಕೆ ಬಂತು

ಮೂರು ಕಾರಣ, ಮೂರೂ ನಿಮ್ಮ ಹೊಲದಲ್ಲಿ ಒಟ್ಟಿಗೇ ನಡೆದಿರುತ್ತವೆ.

ಬಳ್ಳಿಯನ್ನು ಎಳೆದಾಗ ಹೊರಗಿನ ದಾರ ಕಿತ್ತು ಬರುತ್ತದೆ, ಹೀರುಬೇರಿನ ತುದಿ ಗಿಡದ ಕಾಂಡದೊಳಗೇ ಉಳಿಯುತ್ತದೆ. ಅಲ್ಲಿಂದಲೇ ಹೊಸ ಎಳೆ ಹೊರಡುತ್ತದೆ. ಹೊರಗಿನದನ್ನು ಎಷ್ಟು ನಾಜೂಕಾಗಿ ಬಿಡಿಸಿದರೂ ಗಿಡ ಶುದ್ಧವಾಗುವುದಿಲ್ಲ.

ಕಿತ್ತ ತುಂಡುಗಳು ಪಕ್ಕದ ಗಿಡದ ಮೇಲೆ ಬಿದ್ದರೆ ಮತ್ತೆ ಸುತ್ತಿ ಕಚ್ಚಿಕೊಳ್ಳುತ್ತವೆ. ಬರಿ ಮಣ್ಣಿನ ಮೇಲೆ ಬಿದ್ದದ್ದು ಒಣಗುತ್ತದೆ, ಹಸಿರು ಗಿಡದ ಮೇಲೆ ಬಿದ್ದದ್ದು ಬದುಕುತ್ತದೆ. ಕಿತ್ತದ್ದನ್ನು ಕೈಯಲ್ಲಿ ಹಿಡಿದು ಹೊಲದ ನಡುವೆ ಹಾದು ಬದುವಿಗೆ ಎಸೆದಿದ್ದರೆ, ದಾರಿಯುದ್ದಕ್ಕೂ ನಾಟಿ ಮಾಡಿದಂತೆಯೇ ಆಗಿರಬಹುದು. ಕುಡುಗೋಲು, ಮೇವು ಕತ್ತರಿಸುವ ಯಂತ್ರ, ಹೊರೆ ಕಟ್ಟುವ ಹಗ್ಗ ಇವುಗಳಿಂದಲೂ ತುಂಡು ಸಾಗುತ್ತದೆ. ನಿಮ್ಮ ಜಾಗ ಕೊಯ್ಲಿನಿಂದ ಕೊಯ್ಲಿಗೆ ಅಗಲವಾಗಿದ್ದರಲ್ಲಿ ಇದರ ಪಾಲೂ ಇದೆ.

ಮೂರನೆಯದು ಬೀಜ. ಒಂದೇ ದಿನ ಎಲ್ಲವೂ ಮೊಳೆಯುವುದಿಲ್ಲ. ಸಿಪ್ಪೆ ಮೆದುವಾದವು ಈಗ, ಉಳಿದವು ಮುಂದಿನ ನೀರಿಗೆ, ಇನ್ನುಳಿದವು ಮುಂದಿನ ವರ್ಷ.

ಈಗ ಈ ವಾರ ಮಾಡಬೇಕಾದದ್ದು

ಮೊದಲು ಇಡೀ ಹೊಲವನ್ನು ಎರಡು ಮೀಟರ್ ಅಂತರದ ಪಟ್ಟಿಗಳಂತೆ ನಡೆದು ನೋಡಿ. ನಾಲ್ಕು ಎಂದು ನೀವು ಎಣಿಸಿದ್ದು ಎದ್ದು ಕಾಣುವವು. ಗಿಡದ ನಡುಮಟ್ಟದಲ್ಲಿ ಒಂದೆರಡು ಸುತ್ತು ಹಾಕಿ ಕೂತಿರುವ ಹೊಸ ಬಳ್ಳಿಗಳು ಮೇಲಿನಿಂದ ಕಾಣುವುದಿಲ್ಲ. ಸೊಪ್ಪನ್ನು ಕೈಯಲ್ಲಿ ಸರಿಸಿ ನೋಡಬೇಕು. ಸಿಕ್ಕ ಪ್ರತಿ ಕಡೆ ಗೂಟ ನೆಡಿ. ಫೋನಿನಲ್ಲಿ ಜಾಗದ ಗುರುತನ್ನೂ ಹಾಕಿಕೊಳ್ಳಿ, ಏಕೆಂದರೆ ಗೂಟ ಮುಂದಿನ ವರ್ಷದ ತನಕ ಉಳಿಯುವುದಿಲ್ಲ.

ಆಮೇಲೆ ಪ್ರತಿ ಜಾಗದಲ್ಲೂ ಬಳ್ಳಿ ಕಾಣುವ ಅಂಚಿನಿಂದ ಆಚೆಗೆ ಇನ್ನೂ ಒಂದು ಮೀಟರ್ ಅಳತೆ ಮಾಡಿ ಸುತ್ತ ಗೆರೆ ಹಾಕಿ. ಆ ಗೆರೆಯೊಳಗಿನ ಕುದುರೆ ಮಸಾಲೆಯನ್ನೆಲ್ಲ, ಚೆನ್ನಾಗಿ ಕಾಣುವ ಗಿಡವನ್ನೂ ಸೇರಿಸಿ, ನೆಲಮಟ್ಟಕ್ಕೆ ಕತ್ತರಿಸಬೇಕು. ಹೆಚ್ಚಿನವರ ಕೈ ತಡೆಯುವುದು ಇಲ್ಲೇ. ಹಸಿರಾಗಿರುವ ಗಿಡವನ್ನು ಏಕೆ ಕಳೆದುಕೊಳ್ಳಬೇಕು ಎಂದು ಅಂಚಿನಲ್ಲಿ ಒಂದು ಸಾಲು ಉಳಿಸುತ್ತಾರೆ. ಆ ಸಾಲಿನಿಂದಲೇ ಮತ್ತೆ ಶುರುವಾಗುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ಮೀಟರ್ ಅಗಲದ ಜಾಗಕ್ಕೆ ಸುತ್ತಲೂ ಒಂದು ಮೀಟರ್ ಸೇರಿಸಿದರೆ ನಾಲ್ಕು ಮೀಟರ್ ಅಗಲ, ಅಂದರೆ ಸುಮಾರು 12.5 ಚದರ ಮೀಟರ್. ಅಂಥವು ನಾಲ್ಕಾದರೆ 50 ಚದರ ಮೀಟರ್. ಒಂದೂವರೆ ಎಕರೆ ಎಂದರೆ ಸುಮಾರು 6,000 ಚದರ ಮೀಟರ್. ಕಳೆದುಕೊಳ್ಳುವುದು ನೂರಕ್ಕೆ ಒಂದು ಪಾಲೂ ಅಲ್ಲ.

ಕತ್ತರಿಸುವುದು ಹೊರ ಅಂಚಿನಿಂದ ನಡುವಿನ ಕಡೆಗೆ. ನಡುವಿನಿಂದ ಹೊರಕ್ಕೆ ಬಂದರೆ ತುಂಡುಗಳನ್ನು ಶುದ್ಧ ಗಿಡಗಳ ಕಡೆ ನೀವೇ ಎಳೆದು ತಂದಂತಾಗುತ್ತದೆ. ಕುಡುಗೋಲು ಬುಡದ ಅತ್ಯಂತ ಕೆಳಗಿನ ಸುರುಳಿಗಿಂತ ಕೆಳಗೆ ಇಳಿಯಬೇಕು. ಮಾಮೂಲಿ ಕೊಯ್ಲಿನ ಎತ್ತರದಲ್ಲಿ ಕೊಯ್ದರೆ ಕೂಳೆಯಲ್ಲೇ ಒಂದೆರಡು ಸುತ್ತು ಉಳಿದು, ಹೊಸ ಚಿಗುರು ಬಂದೊಡನೆ ಅದರ ಮೇಲೆ ಏರುತ್ತದೆ. ಸುರುಳಿ ಮಣ್ಣಿಗೆ ತಾಗಿಕೊಂಡೇ ಇದ್ದರೆ ಆ ಗಿಡವನ್ನು ಬುಡಸಮೇತ ಕಿತ್ತುಬಿಡಿ. ಕತ್ತರಿಸಿದ್ದನ್ನು ನೆಲಕ್ಕೆ ಹಾಕದೆ ಅಲ್ಲೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ಒಯ್ಯಿರಿ.

ಹೂವು, ಕಾಯಿ ಇದ್ದರೆ ಜೋಪಾನ ಇನ್ನೂ ಹೆಚ್ಚು ಬೇಕು. ಹಸಿ ಕಾಯಿ ಕಿತ್ತ ಮೇಲೂ ಬಳ್ಳಿಯಲ್ಲಿದ್ದುಕೊಂಡೇ ಬಲಿಯಬಲ್ಲದು. ಆದ್ದರಿಂದ ಕಿತ್ತು ಒಣಗಲು ಬಿಡುವುದು ಸಲ್ಲದು. ಕಾಯಿ ಕಟ್ಟಿದ ಬಳ್ಳಿಯನ್ನು ಅಲುಗಿಸುವ ಮೊದಲೇ ಕೆಳಗೆ ತಾಡಪಾಲು ಹಾಸಿ, ಗಿಡವನ್ನು ಅದರ ಮೇಲಕ್ಕೆ ಬಗ್ಗಿಸಿ ಕತ್ತರಿಸಿ, ಒಟ್ಟಿಗೆ ಸುತ್ತಿ ಒಯ್ದು ಪೂರ್ತಿ ಸುಡುವುದೇ ಸರಿ. ತಿಪ್ಪೆಗೆ ಹಾಕಬೇಡಿ. ತಿಪ್ಪೆಯ ನಡುಭಾಗ ಬಿಸಿಯಾದರೂ ಅಂಚಿನಲ್ಲಿ ಬೀಜ ಸಾಯುವುದಿಲ್ಲ, ಗೊಬ್ಬರದ ಜೊತೆ ಎಲ್ಲ ತುಂಡುಗಳಿಗೂ ಹಂಚಿಕೆಯಾಗುತ್ತದೆ. ದನಕರುಗಳಿಗೆ ಹಾಕುವುದೂ ಬೇಡ. ಬೀಜದಲ್ಲಿ ಒಂದು ಪಾಲು ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯಲ್ಲಿ ಜೀವಂತವಾಗಿ ಹೊರಬರುತ್ತದೆ.

ಕತ್ತರಿಸಿದ ಜಾಗಕ್ಕೆ ಬೆಂಕಿಯ ಉಪಚಾರ ಕುದುರೆ ಮಸಾಲೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ಯಾಸ್ ಸಿಲಿಂಡರಿಗೆ ಜೋಡಿಸುವ ಬರ್ನರ್ ಹಿಡಿದು ಕೂಳೆಯ ಹಸಿರು ಪೂರ್ತಿ ಸುಟ್ಟು ಕಂದುವವರೆಗೆ ಕಾಯಿಸಬೇಕು. ಹಳದಿ ದಾರ ಮುದುಡಿದೊಡನೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ಹೀರುಬೇರು ಇರುವುದು ಕೂಳೆಯ ಒಳಗೆ. ಕುದುರೆ ಮಸಾಲೆಯ ಮೊಗ್ಗುಗಳು ಬುಡದ ಗಡ್ಡೆಯಲ್ಲಿ ಮಣ್ಣಿನ ಮಟ್ಟಕ್ಕೆ ಇರುವುದರಿಂದ ಅದು ಮತ್ತೆ ಚಿಗುರುತ್ತದೆ, ಮೇಲೆ ಕಚ್ಚಿದ್ದ ಕಸ್ಕ್ಯೂಟ ಚಿಗುರುವುದಿಲ್ಲ. ಒಣ ಹುಲ್ಲು ಹತ್ತಿರವಿದ್ದರೆ, ಗಾಳಿ ಇದ್ದರೆ ಈ ಕೆಲಸ ಬೇಡ. ನೀರಿನ ಕೊಡ, ಹಸಿ ಗೋಣಿ ಪಕ್ಕದಲ್ಲಿರಲಿ.

ಅಲ್ಲಿಂದ ಪ್ರತಿ 7ರಿಂದ 10 ದಿನಕ್ಕೊಮ್ಮೆ ಗೂಟದ ಬಳಿ ಹೋಗಿ ನೋಡಿ. ಹೊಸ ಎಳೆ ಕಂಡರೆ ಅದು ಸುತ್ತಿದ ಗಿಡವನ್ನೇ ತೆಗೆಯಿರಿ. ಇಡೀ ಹೊಲದ ಕೊಯ್ಲು ಮಾಡುವಾಗ ಈ ನಾಲ್ಕು ಜಾಗ ಕೊನೆಯವು. ಅಲ್ಲಿ ಕೊಯ್ದ ಕುಡುಗೋಲನ್ನು ಕೊಡವಿ, ಒರೆಸಿಯೇ ಮುಂದೆ ಬಳಸಿ. ಹೊಲದ ಮೂರರಲ್ಲಿ ಒಂದು ಪಾಲಿಗೆ ಹಬ್ಬಿದ್ದರೆ ನನ್ನ ಸಲಹೆ ಬೇರೆ. ಹೂ ಬರುವ ಮೊದಲು ಒಮ್ಮೆ ನೆಲಮಟ್ಟಕ್ಕೆ ಕೊಯ್ದು, ಹೊಲ ಉತ್ತು, ಬೆಳೆ ಬದಲಿಸಿಬಿಡಿ. ಅಷ್ಟು ಹಬ್ಬಿದ ಮೇಲೆ ತುಂಡು ತುಂಡಾಗಿ ಕತ್ತರಿಸುತ್ತ ಹೋದರೆ ಆಳು ಸಾಲದೆ ಕೆಲಸ ಹಿಂದೆ ಬೀಳುತ್ತದೆ, ಬೀಜ ಮುಂದೆ ಓಡುತ್ತದೆ.

ಉಪ್ಪುನೀರು ಮತ್ತು ಕಳೆನಾಶಕ

ಉಪ್ಪುನೀರು ಬೇಡ. ದಾರದ ಹೊರಮೈ ಸುಟ್ಟಂತೆ ಕಾಣುತ್ತದೆ, ಹೀರುಬೇರಿಗೆ ಅದು ತಲುಪುವುದೇ ಇಲ್ಲ. ಉಪ್ಪು ಮಾತ್ರ ಮಣ್ಣಿನಲ್ಲಿ ಉಳಿದು ಬೆಳೆಯ ಬೇರಿಗೆ ತೊಂದರೆ ಕೊಡುತ್ತದೆ.

ಕಳೆನಾಶಕದ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಗಿಡಕ್ಕೆ ಕಚ್ಚಿಕೊಂಡ ಕಸ್ಕ್ಯೂಟವನ್ನು ಪೂರ್ತಿ ಕೊಂದು ಗಿಡವನ್ನು ಸುರಕ್ಷಿತವಾಗಿ ಉಳಿಸುವ ಔಷಧ ಇಲ್ಲ ಎಂದೇ ತಿಳಿದು ನಡೆಯಿರಿ. ಎರಡರ ನಾಳಗಳೂ ಒಂದಕ್ಕೊಂದು ಕೂಡಿಕೊಂಡಿವೆ. ಬಳ್ಳಿಯ ಬುಡದವರೆಗೆ ಹೋಗುವ ಔಷಧ ಗಿಡದೊಳಗೂ ಹೋಗುತ್ತದೆ, ಗಿಡಕ್ಕೆ ಹೋಗದ ಔಷಧ ದಾರವನ್ನಷ್ಟೇ ಸುಟ್ಟು ನಿಲ್ಲುತ್ತದೆ. ಬೆಳೆ, ಕಳೆ ಎನ್ನದೆ ಎಲ್ಲವನ್ನೂ ಕೊಲ್ಲುವ ಗ್ಲೈಫೋಸೇಟನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಬೆಳೆಯ ಮೇಲೆಯೇ ಹೊಡೆಯುವ ಪ್ರಯೋಗಗಳು ನಡೆದಿವೆ. ಬಳ್ಳಿ ಸಾಯುವ ಪ್ರಮಾಣಕ್ಕೂ ಬೆಳೆ ಕುಗ್ಗುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಕಿರಿದು, ಬೆನ್ನಿಗೆ ಹಾಕುವ ಪಂಪಿನಲ್ಲಿ ಅಷ್ಟು ನಿಖರತೆ ಸಿಗದು. ಗೆರೆ ಹಾಕಿದ ಜಾಗದಲ್ಲಿ ಬೆಳೆಯನ್ನೂ ಸೇರಿಸಿ ಕೊಲ್ಲಲು ಮಾತ್ರ ಅದನ್ನು ಬಳಸಬಹುದು.

ಇಮಜೆಥಾಪೈರ್ ಬಗ್ಗೆ ನಿಮಗೆ ಯಾರಾದರೂ ಹೇಳಬಹುದು. ದ್ವಿದಳ ಬೆಳೆಗಳಲ್ಲಿ ಬಳಕೆಯಲ್ಲಿರುವ ಕಳೆನಾಶಕ ಅದು. ಕೊಯ್ಲಿನ ನಂತರ ಹೊಸ ಚಿಗುರಿನ ಹಂತದಲ್ಲಿ ಹೊಡೆದರೆ ಎಳೆಯ ಕಸ್ಕ್ಯೂಟವನ್ನು ಕುಗ್ಗಿಸುತ್ತದೆ, ನಿರ್ಮೂಲ ಮಾಡುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೊಂದು ಅಡ್ಡಿಯಿದೆ: ಅದರ ಶೇಷ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಅದಕ್ಕೆ ಬಹಳ ಸೂಕ್ಷ್ಮವಾದ ಬೆಳೆಗಳಲ್ಲಿ ಈರುಳ್ಳಿಯೂ ಒಂದು. ಮುಂದೆ ಅದೇ ತುಂಡಿನಲ್ಲಿ ಈರುಳ್ಳಿ ಹಾಕುವ ಯೋಚನೆಯಿದ್ದರೆ ಇದನ್ನು ಮುಟ್ಟಬೇಡಿ.

ಹೆಚ್ಚು ಉಪಯೋಗಕ್ಕೆ ಬರುವುದು ಬೀಜ ಮೊಳೆಯುವ ಮೊದಲೇ ಮಣ್ಣಿಗೆ ಕೊಡುವ ಪೆಂಡಿಮೆಥಾಲಿನ್. ಅದು ಏಕೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಯಾವಾಗ ಕೆಲಸ ಮಾಡುವುದಿಲ್ಲ ಎಂಬುದೂ ತಿಳಿಯುತ್ತದೆ. ಮೊಳೆಯುವ ಎಳೆಯಲ್ಲಿ ಜೀವಕೋಶಗಳು ಒಡೆದು ಎರಡಾಗುವುದನ್ನೇ ಅದು ತಡೆಯುತ್ತದೆ. ಎಳೆ ಉದ್ದವಾಗದೆ ಗಿಡ್ಡಗೆ ಊದಿಕೊಂಡು ನಿಂತು, ಆಸರೆ ತಲುಪದೆ ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಔಷಧ ಮಣ್ಣಿನ ಮೇಲ್ಪದರದಲ್ಲಿ, ಬೀಜ ಮೊಳೆಯುವ ಮೊದಲೇ ಇರಬೇಕು. ಒಮ್ಮೆ ಕಚ್ಚಿಕೊಂಡ ಬಳ್ಳಿಗೆ ಎಷ್ಟು ಹೊಡೆದರೂ ಉಪಯೋಗವಿಲ್ಲ. ಕಳೆ ಕಂಡ ಮೇಲೆ ಪೆಂಡಿಮೆಥಾಲಿನ್ ಹೊಡೆದು ಕೆಲಸ ಮಾಡಲಿಲ್ಲ ಎನ್ನುವವರು ತಪ್ಪಿದ್ದು ಇಲ್ಲೇ.

ಪ್ರಮಾಣ ಹೀಗೆ. ಹೆಕ್ಟೇರಿಗೆ 1 ಕಿಲೋ ಸಕ್ರಿಯ ಅಂಶ ಬೇಕಾದರೆ, 30 ಇ.ಸಿ. (ನೂರಕ್ಕೆ 30 ಪಾಲು ಸಕ್ರಿಯ ಅಂಶವಿರುವ ದ್ರವ) ರೂಪದಲ್ಲಿ ಅದು 3.3 ಲೀಟರ್, ಅಂದರೆ ಎಕರೆಗೆ ಸುಮಾರು 1.35 ಲೀಟರ್. ಎಕರೆಗೆ 200 ಲೀಟರ್ ನೀರು. 16 ಲೀಟರಿನ ಪಂಪಾದರೆ ಹನ್ನೆರಡೂವರೆ ಪಂಪು ಆಗುತ್ತದೆ, ಪಂಪಿಗೆ ಸುಮಾರು 108 ಮಿಲಿಲೀಟರ್ ಔಷಧ. ಮೊದಲು ಬರಿ ನೀರು ತುಂಬಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗಕ್ಕೆ ನಿಮ್ಮ ಮಾಮೂಲಿ ನಡಿಗೆಯಲ್ಲಿ ಹೊಡೆದು ನೋಡಿ. 5 ಲೀಟರ್ ಹಿಡಿದರೆ ಎಕರೆಗೆ 200 ಲೀಟರ್ ಸರಿಹೋಗುತ್ತದೆ. ಹೆಚ್ಚುಕಡಿಮೆ ಆದರೆ ನಡಿಗೆಯ ವೇಗ ಬದಲಿಸಿ, ಔಷಧದ ಅಳತೆಯನ್ನಲ್ಲ. ಫ್ಲಾಟ್ ಫ್ಯಾನ್ ನಾಝಲ್ ಬಳಸಿ, ಹಿಂದಕ್ಕೆ ನಡೆಯುತ್ತ ಹೊಡೆಯಿರಿ, ಹೊಡೆದ ಪದರವನ್ನು ಮತ್ತೆ ತುಳಿಯಬಾರದು. 38.7 ಸಿ.ಎಸ್. ಎಂಬ ಇನ್ನೊಂದು ರೂಪವೂ ಸಿಗುತ್ತದೆ. ಅದರ ಅಳತೆಯೇ ಬೇರೆ, 30 ಇ.ಸಿ.ಯ ಲೆಕ್ಕವನ್ನು ಅದಕ್ಕೆ ಹಾಕಬೇಡಿ. ಡಬ್ಬಿಯ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರು ಇದೆಯೇ ನೋಡಿ, ಅಲ್ಲಿ ಬರೆದ ಪ್ರಮಾಣ ಮೇಲಿನದಕ್ಕಿಂತ ಕಡಿಮೆಯಿದ್ದರೆ ಚೀಟಿಯ ಮಾತೇ ಕೊನೆ.

ಮಣ್ಣು ಹೆಂಟೆಯಿಲ್ಲದೆ ನಯವಾಗಿರಬೇಕು, ತೇವ ಇರಬೇಕು. ಹೊಡೆದ ಮೇಲೆ ಬಿಸಿಲಿಗೆ ಒಣಗಲು ಬಿಟ್ಟರೆ ಔಷಧ ಮೇಲೆಯೇ ಹಾಳಾಗುತ್ತದೆ, ಒಂದು ಹಗುರ ನೀರು ಕೊಡಿ. ಹರಿದು ಹೋಗುವಷ್ಟು ನೀರು ಬಿಟ್ಟರೆ ಪದರವೇ ಕದಡುತ್ತದೆ. ಮರಳು ಮಣ್ಣಿನಲ್ಲಿ ಪ್ರಮಾಣ ಕಡಿಮೆ ಇರಲಿ, ಇಲ್ಲದಿದ್ದರೆ ಬೆಳೆಯ ಬೇರಿಗೂ ಪೆಟ್ಟು. ಹೊಸದಾಗಿ ಬಿತ್ತುವ ಕುದುರೆ ಮಸಾಲೆಗೆ ಇದು ಅಪಾಯಕಾರಿ, ಬೀಜ ಸಣ್ಣದು, ಮೊಳಕೆ ಕೃಶ. ಬೇರೂರಿದ ಬೆಳೆಯಲ್ಲಿ ಕೊಯ್ಲಾದ ಕೂಡಲೇ, ಹೊಸ ಚಿಗುರು ಏಳುವ ಮೊದಲು ಕೊಡುವುದುಂಟು. ಆಗಲೂ ಚೀಟಿಯಲ್ಲಿ ಮೇವಿಗೆ ಬಳಸಲು ಎಷ್ಟು ದಿನ ಕಾಯಬೇಕು ಎಂದು ಬರೆದಿದ್ದರೆ ಮಾತ್ರ ಬಳಸಿ. ಅದು ಬರೆದಿಲ್ಲದಿದ್ದರೆ ನಿಮ್ಮ ನಾಲ್ಕು ಜಾಗಗಳಿಗೆ ಕುಡುಗೋಲು, ಬೆಂಕಿ ಸಾಕು.

ಈರುಳ್ಳಿ, ಮೆಣಸಿನಕಾಯಿ ತುಂಡು

ಈರುಳ್ಳಿ ಏಕದಳ ಸಸ್ಯವಾದರೂ ಕಸ್ಕ್ಯೂಟ ಅದನ್ನು ಬಿಡುವುದಿಲ್ಲ. ಮೆಣಸಿನಕಾಯಿ, ಟೊಮೇಟೊ, ಕ್ಯಾರೆಟ್, ಅಗಸೆ, ಹುಚ್ಚೆಳ್ಳು, ಉದ್ದು, ಹೆಸರು, ಕಡಲೆ ಎಲ್ಲವೂ ಅದಕ್ಕೆ ಆಹಾರ. ಪಕ್ಕದ ತುಂಡಿಗೆ ಬೀಜ ಈಗಾಗಲೇ ಹೋಗಿರಬಹುದು ಎಂದುಕೊಂಡೇ ಸಿದ್ಧತೆ ಮಾಡಿ.

ನಾಟಿಗೆ ಮೊದಲು ಹುಸಿ ಪಾತಿಯ ಉಪಾಯ ಮಾಡಿ. ಮಡಿ ಪೂರ್ತಿ ಸಿದ್ಧಪಡಿಸಿ, ನೀರು ಕೊಟ್ಟು, 10ರಿಂದ 15 ದಿನ ಬಿಡಿ. ಮೇಲಿನ ಕಳೆಬೀಜ ಮೊಳೆಯುತ್ತದೆ. ಆಗ ಎರಡು-ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಕುಂಟೆ ಹೊಡೆಯಿರಿ. ಸಮಯವಿದ್ದರೆ ಇನ್ನೊಮ್ಮೆ. ಆಳಕ್ಕೆ ಕುಂಟೆ ಇಳಿದರೆ ಕೆಳಗಿನ ಹೊಸ ಬೀಜವನ್ನು ಮೇಲೆ ತಂದು ಮೊದಲಿಗೇ ಬರುತ್ತೀರಿ. ಈ ಅವಧಿಯಲ್ಲಿ ಮಡಿಯಲ್ಲಿ ಬೇರೆ ಅಗಲೆಲೆ ಕಳೆಗಳನ್ನೂ ಇರಗೊಡಬೇಡಿ, ಮೊಳೆತ ಎಳೆಗೆ ಅವೇ ಮೊದಲ ಆಸರೆ. ಸ್ಟ್ರೈಗದಂಥ ಬೇರು ಪರಾವಲಂಬಿಯ ಬೀಜ ಬೆಳೆಯ ಬೇರಿನಿಂದ ಸುಳಿವು ಸಿಗದೆ ಮೊಳೆಯುವುದಿಲ್ಲ, ಅದಕ್ಕೆ ಖಾಲಿ ಮಡಿಗೆ ನೀರು ಬಿಟ್ಟರೆ ಏನೂ ಆಗದು. ಕಸ್ಕ್ಯೂಟದ ಬೀಜ ಯಾವ ಸುಳಿವಿಗೂ ಕಾಯದೆ ತೇವ, ಬಿಸಿ ಸಿಕ್ಕರೆ ಮೊಳೆಯುತ್ತದೆ. ಹುಸಿ ಪಾತಿ ಇಲ್ಲಿ ಫಲ ಕೊಡುವುದು ಅದಕ್ಕೇ.

ಆಮೇಲೆ ಪೆಂಡಿಮೆಥಾಲಿನ್ ಕೊಟ್ಟು ನಾಟಿ ಮಾಡಬಹುದು. ಈರುಳ್ಳಿ, ಮೆಣಸಿನಕಾಯಿ ಎರಡರಲ್ಲೂ ಅದು ಬಳಕೆಯಲ್ಲಿದೆ. ಅದರ ಬಲ ಕೆಲವು ವಾರಗಳದ್ದು, ನಂತರ ಮೊಳೆತದ್ದಕ್ಕೆ ತಡೆಯಿಲ್ಲ. ಹಾಗಾಗಿ ನಾಟಿಯಾದ ಎರಡನೇ ವಾರದಿಂದ ವಾರಕ್ಕೊಮ್ಮೆ ಸಾಲು ನೋಡಲೇಬೇಕು. ಈರುಳ್ಳಿಯಲ್ಲಿ ಇದು ಕಷ್ಟದ ಕೆಲಸ, ಬಾಡಿದ ಎಲೆಯ ಹಳದಿಯಲ್ಲಿ ದಾರದ ಹಳದಿ ಬೆರೆತುಹೋಗುತ್ತದೆ. ಸಸಿಮಡಿ ಶುದ್ಧ ಜಾಗದಲ್ಲಿರಲಿ. ಅನುಮಾನವಿದ್ದರೆ ವರ್ಷದ ಬಲವಾದ ಬಿಸಿಲಿನ ದಿನಗಳಲ್ಲಿ ಮಡಿಗೆ ನೀರು ಕೊಟ್ಟು, 25ರಿಂದ 50 ಮೈಕ್ರಾನಿನ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ಮಣ್ಣಿಗೆ ತಾಗಿಸಿ ಹೊದೆಸಿ, ಅಂಚು ಮುಚ್ಚಿ 4ರಿಂದ 6 ವಾರ ಬಿಡಿ. ಗಟ್ಟಿ ಬೀಜಗಳಲ್ಲಿ ಕೆಲವು ಇದರಿಂದಲೂ ಉಳಿಯುತ್ತವೆ, ಸಂಖ್ಯೆ ಮಾತ್ರ ತಗ್ಗುತ್ತದೆ.

ಎರಡು ತುಂಡಿಗೂ ಒಂದೇ ಕಾಲುವೆ ನೀರಾದರೆ ಕುದುರೆ ಮಸಾಲೆಯಿಂದ ಹರಿದ ನೀರು ಈ ಕಡೆ ಬರದಂತೆ ತಿರುಗಿಸಿ. ಒಣಗಿದ ಕಾಯಿಗಳು ನೀರಿನ ಮೇಲೆ ತೇಲಿ ಸಾಗುತ್ತವೆ.

ಉಳುವುದಾದರೆ, ಬೆಳೆ ಬದಲಿಸುವುದಾದರೆ

ಕುದುರೆ ಮಸಾಲೆಯ ಅವಧಿ ಮುಗಿದಾಗ ಅದೇ ತುಂಡಿನಲ್ಲಿ ಮುಂದಿನ ಕೆಲವು ವರ್ಷ ಜೋಳ, ಮೆಕ್ಕೆಜೋಳ, ಗೋಧಿ, ಭತ್ತದಂಥ ಹುಲ್ಲಿನ ಜಾತಿಯ ಬೆಳೆ ಹಾಕಿ. ಕಸ್ಕ್ಯೂಟ ಇವುಗಳಿಗೆ ಸುತ್ತಿದರೂ ಸಾಮಾನ್ಯವಾಗಿ ಬಾಳಲಾರದು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಸ್ಕ್ಯೂಟದ ಮೊಳಕೆಗಳು ಟೊಮೇಟೊ ಗಿಡದ ವಾಸನೆಯ ಕಡೆಗೆ ಬಾಗಿ ಬೆಳೆದವು. ಗೋಧಿ ಹೊರಸೂಸುವ ವಾಸನೆಗಳಲ್ಲಿ ಒಂದು ಅವುಗಳನ್ನು ದೂರ ಸರಿಸಿತು. ಏಕದಳ ಬೆಳೆಯಲ್ಲಿ ಅಗಲೆಲೆ ಕಳೆಗಳನ್ನು ಬಿಟ್ಟರೆ ಈ ಲಾಭವೆಲ್ಲ ವ್ಯರ್ಥ. ಕಾಡು ದಂಟಿನ ಒಂದು ಗಿಡದ ಮೇಲೆ ಬದುಕಿದ ಬಳ್ಳಿಯೂ ಸಾವಿರಾರು ಬೀಜ ಉದುರಿಸುತ್ತದೆ.

ಉಳುಮೆಯಲ್ಲಿ ಒಂದು ಕ್ರಮವಿದೆ. ಬೀಜ ಮೊಳೆತು ಮೇಲೆ ಬರುವುದು ಮೇಲಿನ ಕೆಲವೇ ಸೆಂಟಿಮೀಟರಿನಿಂದ. ಒಮ್ಮೆ ಆಳವಾಗಿ ಮಗುಚಿ ಹೂತರೆ ಅದು ಮೇಲೇರಲಾರದು, ಆದರೆ ಅಲ್ಲಿ ಸಾಯುವುದೂ ಇಲ್ಲ. ಮುಂದಿನ ವರ್ಷ ಮತ್ತೆ ಆಳವಾಗಿ ಉತ್ತರೆ ಹೂತದ್ದು ಮೇಲೆ ಬರುತ್ತದೆ. ಆದ್ದರಿಂದ ಒಂದು ಸಲ ಆಳ, ನಂತರ ಹಲವು ವರ್ಷ ತೆಳು ಉಳುಮೆ. ಎರಡನ್ನೂ ಬೆರೆಸಬೇಡಿ.

ಜೈವಿಕ ಹತೋಟಿಯ ಬಗ್ಗೆ ಕೇಳುವವರಿದ್ದಾರೆ. ಚೀನಾದಲ್ಲಿ 1960ರ ದಶಕದಲ್ಲೇ ಕೊಲೆಟೋಟ್ರೈಕಮ್ ಜಾತಿಯ ಶಿಲೀಂಧ್ರವೊಂದನ್ನು ಲೂಬಾವೋ ಎಂಬ ಹೆಸರಿನಲ್ಲಿ ಸೋಯಾ ಅವರೆಯ ಕಸ್ಕ್ಯೂಟಕ್ಕೆ ಬಳಸಿದರು. ಅಮೆರಿಕದಲ್ಲಿ ಆಲ್ಟರ್ನೇರಿಯಾ ಡೆಸ್ಟ್ರುಯೆನ್ಸ್ ಎಂಬ ಶಿಲೀಂಧ್ರಕ್ಕೂ ನೋಂದಣಿ ಸಿಕ್ಕಿತ್ತು. ನಿಮ್ಮ ನಾಲ್ಕು ಜಾಗಗಳಿಗೆ ಅವುಗಳನ್ನು ನೆಚ್ಚಿ ಕೂರುವ ಕಾಲವಲ್ಲ ಇದು.

ಮುಂದಿನ ಬಿತ್ತನೆ ಬೀಜ

ಎರಡನೇ ವರ್ಷ ಕಂಡಿದೆ ಎಂದರೆ ಬಹುಪಾಲು ಬೀಜದ ಜೊತೆಗೇ ಬಂದಿರಬೇಕು. ಕುದುರೆ ಮಸಾಲೆಯ ಬೀಜ ಹುರುಳಿಯ ಆಕಾರದ್ದು, ನುಣುಪು, ಹೊಳಪು, 2 ಮಿಲಿಮೀಟರಿಗೆ ತುಸು ಹೆಚ್ಚು ಉದ್ದ. ಕಸ್ಕ್ಯೂಟದ್ದು 1ರಿಂದ 1.5 ಮಿಲಿಮೀಟರ್, ಗುಂಡಗೆ, ಒಂದೆರಡು ಮಗ್ಗುಲು ಚಪ್ಪಟೆ, ಮಣ್ಣಿನ ಕಣದಂತೆ ಮಾಸಲು ಕಂದು, ಮೇಲ್ಮೈ ಒರಟು. ಹೊಸ ಚೀಲದಿಂದ ಬೇರೆ ಬೇರೆ ಕಡೆ ತೆಗೆದು 100 ಗ್ರಾಂ ಮಾದರಿ ಮಾಡಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಒಂದೇ ಒಂದು ಸಿಕ್ಕರೂ ಆ ಚೀಲ ಬೇಡ. 100 ಗ್ರಾಂನಲ್ಲಿ ಸುಮಾರು 50,000 ಬೀಜಗಳಿರುತ್ತವೆ, ಅದರಲ್ಲಿ ಒಂದು ಎಂದರೆ ಕ್ಷುಲ್ಲಕ ಅನ್ನಿಸುತ್ತದೆ. ಎಕರೆಗೆ 8 ಕಿಲೋ ಬಿತ್ತಿದರೆ ಅದು ಎಕರೆಗೆ 80, ನಿಮ್ಮ ಒಂದೂವರೆ ಎಕರೆಗೆ 120 ಕಸ್ಕ್ಯೂಟ ಬೀಜ. ಜರಡಿ ಹಿಡಿದರೆ ಸಣ್ಣವು ಇಳಿಯುತ್ತವೆ, ದಪ್ಪನೆಯವು ಉಳಿಯುತ್ತವೆ. ಒರಟು ಮೇಲ್ಮೈ ಮಖಮಲ್ ಬಟ್ಟೆಗೆ ಅಂಟಿಕೊಳ್ಳುವುದರಿಂದ ಬೀಜ ಸಂಸ್ಕರಣೆಯವರು ಮಖಮಲ್ ಸುತ್ತಿದ ರೋಲರ್ ಬಳಸಿ ಬೇರ್ಪಡಿಸುತ್ತಾರೆ. ಮನೆಯಲ್ಲಿ ಆ ಮಟ್ಟದ ಶುದ್ಧಿ ಸಾಧ್ಯವಿಲ್ಲ. ಕಸ್ಕ್ಯೂಟ ಇಲ್ಲವೆಂದು ಪ್ರಮಾಣೀಕರಿಸಿದ ಬೀಜವನ್ನೇ ಕೊಳ್ಳಿ, ಚೀಲದ ಚೀಟಿಯನ್ನು ತೆಗೆದಿಡಿ. ಕಳೆ ಕಂಡ ಈ ಹೊಲದಿಂದ ಮಾತ್ರ ಮುಂದಿನ ಬಿತ್ತನೆಗೆ ಬೀಜ ಎತ್ತಬೇಡಿ, ಯಾರಿಗೂ ಕೊಡಬೇಡಿ.

ಬೇಲಿ, ಬದು, ಕಾಲುವೆ ದಂಡೆಯ ಗಿಡಗಳನ್ನೂ ಒಮ್ಮೆ ನೋಡಿ ಬನ್ನಿ. ಅಲ್ಲಿ ಬಳ್ಳಿ ಕಂಡರೆ ಅದು ಸುತ್ತಿದ ಕೊಂಬೆಯನ್ನು ಸುರುಳಿಗಿಂತ ಕೆಳಕ್ಕೆ ಕಡಿದು, ಇದೇ ರೀತಿ ಚೀಲಕ್ಕೆ ತುಂಬಿ ಸುಡಬೇಕು.